ಸುಂಕದವನ ಮುಂದೆ ಸುಖ-ದುಃಖ: ಪರದೇಶದ ಪಾರ್ಸಲ್ಲಿನ ನಿಜವಾದ ಬೆಲೆ ಎಷ್ಟು?

ವಿಜಯಪುರ: ‘ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡಂತೆ’ ಎಂಬ ಗಾದೆ ಹುಟ್ಟಿದ ಕಾಲಕ್ಕೆ ಸುಂಕದವನು ಊರ ಅಗಸಿಯಲ್ಲೇ ಕುಳಿತಿರುತ್ತಿದ್ದ. ಅವನ ಮುಖ ಕಾಣುತ್ತಿತ್ತು. ಎಷ್ಟು ಕೇಳುತ್ತಾನೆಂಬುದು ಬಂಡಿ ಒಳಗೆ ಬರುವ ಮೊದಲೇ ಗೊತ್ತಾಗುತ್ತಿತ್ತು. ಮುಂದೆ ಅದೇ ಜಾಗಕ್ಕೆ ಜಕಾತಿ ನಾಕಾ ಬಂತು. 1979ರಲ್ಲಿ ರಾಜ್ಯದಲ್ಲಿ ಜಕಾತಿಯೂ ಹೋಯಿತು. ಇನ್ನು ಸುಂಕದ ಕಾಟ ತಪ್ಪಿತು ಎಂದು ಪೇಟೆಯ ಹಿರಿಯ ವ್ಯಾಪಾರಸ್ಥರು ಆಗ ಉಸಿರು ಬಿಟ್ಟಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆದರೆ ಸುಂಕದವನು ಎಲ್ಲಿಗೂ ಹೋಗಿಲ್ಲ, ಕಾಣದ ಜಾಗಕ್ಕೆ ಹೋಗಿ ಕುಳಿತಿದ್ದಾನೆ, ಅಷ್ಟೆ. ತಿಕೋಟಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಹುಡುಗ ಮೊಬೈಲಿನಲ್ಲಿ ಬೆರಳಾಡಿಸಿ ಚೀನಾದಿಂದಲೋ ಅಮೆರಿಕದಿಂದಲೋ ಒಂದು ಸಾಮಾನು ತರಿಸುತ್ತಾನೆ. ತೋರಿಸಿದ ಬೆಲೆ ಒಂದು, ಪಾರ್ಸಲ್ ಬಾಗಿಲಿಗೆ ಬಂದಾಗ ಕೇಳುವ ರೊಕ್ಕ ಇನ್ನೊಂದು. ‘ರೊಕ್ಕ ಮೊದಲೇ ಕೊಟ್ಟೇನಲ್ರೀ, ಮತ್ತ ಯಾಕ ಕೊಡಬೇಕು?’ ಎಂದು ಪೋಸ್ಟ್‌ಮನ್ ಜೊತೆ ವಾದಕ್ಕೆ ನಿಂತರೆ ಪ್ರಯೋಜನವಿಲ್ಲ. ಪಾಪ, ಆತ ಚೀಟಿ ತಂದವನೇ ಹೊರತು ಸುಂಕ ಹಾಕಿದವನಲ್ಲ. ಹಾಕಿದವರು ಮುಂಬಯಿಯ ವಿದೇಶ ಅಂಚೆ ಕಚೇರಿಯಲ್ಲೋ, ಯಾವುದೋ ವಿಮಾನ ನಿಲ್ದಾಣದ ಕೊರಿಯರ್ ಗೋದಾಮಿನಲ್ಲೋ ಕುಳಿತಿರುತ್ತಾರೆ. ಅವರ ಮುಂದೆ ಸುಖ-ದುಃಖ ಹೇಳಿಕೊಳ್ಳುವುದಕ್ಕೂ ದಾರಿ ಇಲ್ಲ!

ಐದು ಸಾವಿರದ ಸಾಮಾನು ಎಂಟು ಸಾವಿರ ಆಗುವ ಬಗೆ

ಲೆಕ್ಕ ಅರ್ಥವಾದರೆ ಅರ್ಧ ಸಿಟ್ಟು ಇಳಿಯುತ್ತದೆ. ತಿಕೋಟಾ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರನ ಮಗ ಸ್ವಂತ ಉಪಯೋಗಕ್ಕೆಂದು ಪರದೇಶದಿಂದ ಒಂದು ವಾಚು ತರಿಸಿದ ಎಂದು ಇಟ್ಟುಕೊಳ್ಳೋಣ. ಬೆಲೆ ನಮ್ಮ ರೊಕ್ಕದಲ್ಲಿ 5,000 ರೂ. ಸಾಗಣೆ ಖರ್ಚು 1,000 ರೂ. ಇಲ್ಲಿಯೇ ಮೊದಲ ಪೆಟ್ಟು. ಕಸ್ಟಮ್ಸ್‌ನವರು ಬರೀ ವಾಚಿನ ಬೆಲೆಯ ಮೇಲೆ ಸುಂಕ ಹಾಕುವುದಿಲ್ಲ. ಸಾಗಣೆ ಮತ್ತು ವಿಮೆ ಕೂಡಿಸಿ ಬಂದ ಮೊತ್ತದ ಮೇಲೆ ಹಾಕುತ್ತಾರೆ. ಡಾಲರಿಗೆ ಎಷ್ಟು ರೂಪಾಯಿ ಎಂಬುದಕ್ಕೂ ಅವರೇ ಪ್ರಕಟಿಸಿದ ದರ ಇರುತ್ತದೆ. ಪೇಪರಿನಲ್ಲಿ ಬಂದ ದರ ಅಲ್ಲಿ ನಡೆಯುವುದಿಲ್ಲ.

ಹೀಗೆ 6,000 ರೂ. ಆಯಿತು. ಅಂಚೆಯಲ್ಲೋ ಕೊರಿಯರಿನಲ್ಲೋ ಸ್ವಂತ ಉಪಯೋಗಕ್ಕೆ ಬರುವ ಸಾಮಾನಿನ ಮೇಲಿನ ಸುಂಕವನ್ನು ಶೇ. 20ರಿಂದ ಶೇ. 10ಕ್ಕೆ ಇಳಿಸುವುದಾಗಿ 2026ರ ಫೆಬ್ರವರಿಯ ಕೇಂದ್ರ ಬಜೆಟ್ಟಿನಲ್ಲಿ ಹೇಳಲಾಯಿತು. ಇಂಥ ಸಾಮಾನಿನ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ ಬದಲಾವಣೆಯಲ್ಲಿ ಶೇ. 28ರಿಂದ 18ಕ್ಕೆ ಇಳಿದಿತ್ತು. ಸರಳ ಲೆಕ್ಕಕ್ಕೆ ಇವೆರಡನ್ನೇ ಹಿಡಿದರೆ, 6,000ದ ಮೇಲೆ ಸುಂಕ 600. ಒಟ್ಟು 6,600. ಈ ಒಟ್ಟಿನ ಮೇಲೆ ಜಿ.ಎಸ್.ಟಿ. 1,188. ಅಂದರೆ ತೆರಿಗೆಯ ಮೇಲೂ ತೆರಿಗೆ! ಕೂಡಿಸಿದರೆ 7,788 ರೂ.

ಮುಗಿಯಿತೇ? ಇಲ್ಲ. ಪರದೇಶದ ಅಂಗಡಿಗೆ ಕಾರ್ಡಿನಿಂದ ರೊಕ್ಕ ಕೊಟ್ಟರೆ ಅನೇಕ ಬ್ಯಾಂಕುಗಳು ನೂರಕ್ಕೆ ಎರಡರಿಂದ ಮೂರೂವರೆ ರೂಪಾಯಿ ತನಕ ಮುರಿದುಕೊಳ್ಳುತ್ತವೆ. ಮೂರರಂತೆ ಹಿಡಿದರೂ 180 ರೂ. ಅದಕ್ಕೂ ಜಿ.ಎಸ್.ಟಿ. ಉಂಟು. ಕೊರಿಯರ್ ಕಂಪನಿ ‘ನಿಮ್ಮ ಪರವಾಗಿ ಸುಂಕ ಕಟ್ಟಿದೆವು’ ಎಂದು ತನ್ನ ಸೇವಾ ಶುಲ್ಕ ಬೇರೆ ಹಾಕುತ್ತದೆ. ಐದು ಸಾವಿರ ಎಂದು ಕಂಡದ್ದು ಮನೆ ಮುಟ್ಟುವಷ್ಟರಲ್ಲಿ ಎಂಟು ಸಾವಿರದ ಗೆರೆ ದಾಟಿರುತ್ತದೆ.

ಇದು ಇಳಿದ ಮೇಲಿನ ಕಥೆ. ಕೆಲ ವರ್ಷದ ಹಿಂದೆ ಸುಂಕ ಶೇ. 35, ಅದರ ಮೇಲೆ ಹತ್ತರಲ್ಲಿ ಒಂದು ಪಾಲು ಸಮಾಜ ಕಲ್ಯಾಣ ಸರ್‌ಚಾರ್ಜ್, ಮೇಲೆ ಶೇ. 28 ಜಿ.ಎಸ್.ಟಿ. ಎಲ್ಲ ಸೇರಿ ಶೇ. 77.28! ಇದೇ 6,000 ರೂಪಾಯಿ ಲೆಕ್ಕಕ್ಕೆ ತೆರಿಗೆಯೇ 4,636 ರೂ. 80 ಪೈಸೆ. ಆಗ ಪಾರ್ಸಲ್ ಬಿಡಿಸಿಕೊಳ್ಳದೆ ಬಿಟ್ಟರೂ ಚಿಂತೆಯಿಲ್ಲ ಎನ್ನುವ ಸ್ಥಿತಿ ಇತ್ತು. ಈಗ ಹೊರೆ ಕಡಿಮೆಯಾಗಿದೆ ನಿಜ. ಆದರೆ ಕೊಳ್ಳುವ ಮೊದಲು ಕಾಣುವುದಿಲ್ಲ ಎಂಬ ದೂರು ಮಾತ್ರ ಹಾಗೇ ಉಳಿದಿದೆ.

‘ಗಿಫ್ಟ್ ಅಂತ ಬರೀರಿ’ ನಡೆಯುವುದಿಲ್ಲ

ಸಣ್ಣ ಪಾರ್ಸಲ್ಲಿಗೆ ಸುಂಕ ಇಲ್ಲ, 5,000 ರೂ. ಒಳಗಿದ್ದರೆ ಕಾಣಿಕೆ ಅಂತ ಬಿಡುತ್ತಾರೆ ಎಂಬ ಮಾತು ಗಾಂಧಿ ಚೌಕದ ಚಹಾ ಅಂಗಡಿಗಳಲ್ಲಿ ಇನ್ನೂ ಕೇಳುತ್ತದೆ. ಅದು ಹಳೆಯ ಮಾತು. 2019ರ ಡಿಸೆಂಬರ್ 12ರ ಆದೇಶದಿಂದ ಕಾಣಿಕೆಯ ಹೆಸರಿನಲ್ಲಿ ಸುಂಕವಿಲ್ಲದೆ ಪಾರ್ಸಲ್ ಬಿಡಿಸುವುದು ನಿಂತಿದೆ. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ. ಚೀನಾದ ಕಂಪನಿಗಳು ಮಾರಿದ ಮಾಲನ್ನೆಲ್ಲ ‘ಕಾಣಿಕೆ’ ಎಂದು ಬರೆದು ಲಕ್ಷಗಟ್ಟಲೆ ಪೊಟ್ಟಣ ಕಳಿಸಲು ಸುರುಮಾಡಿದ್ದೇ ಇದಕ್ಕೆ ಕಾರಣ. ದುಬೈನಲ್ಲಿರುವ ಅಣ್ಣ ನಿಜವಾಗಿಯೂ ತಂಗಿಗೆ ಪ್ರೀತಿಯಿಂದ ಕಳಿಸಿದ ವಸ್ತುವಿಗೂ ಈಗ ಪೂರ್ತಿ ಸುಂಕ ಕಟ್ಟಬೇಕು. ಕಳ್ಳರ ಕೂಡ ಒಳ್ಳೆಯವರೂ ಬೆಂದರು ಎನ್ನುವಂತಾಯಿತು.

ಆದರೆ ಅದೇ ಅಣ್ಣ ಊರಿಗೆ ಬರುವಾಗ ತನ್ನ ಪೆಟ್ಟಿಗೆಯಲ್ಲಿ ತಂದರೆ ನಿಯಮ ಬೇರೆ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದ ಸಾಮಾನಿನ ಮಿತಿ 50,000 ರೂ. ಇದ್ದದ್ದು 2026ರ ಫೆಬ್ರವರಿಯ ಹೊಸ ನಿಯಮದಲ್ಲಿ 75,000ಕ್ಕೆ ಏರಿದೆ. ಗಲ್ಫ್ ದೇಶಗಳಲ್ಲಿ ಮಕ್ಕಳಿರುವ ಮನೆಗಳು ಈ ವ್ಯತ್ಯಾಸ ತಿಳಿದಿರಬೇಕು. ಜೊತೆಗೆ ಬಂದ ಪೆಟ್ಟಿಗೆಗೆ ರಿಯಾಯಿತಿ ಉಂಟು, ಹಿಂದಿನಿಂದ ಬಂದ ಪಾರ್ಸಲ್ಲಿಗೆ ಇಲ್ಲ.

ಸುಂಕ ಕಟ್ಟಿದರೂ ಬಾರದ ವಸ್ತುಗಳೂ ಇವೆ. ತೋಟಕ್ಕೆ ಔಷಧಿ ಹೊಡೆಯಲು ಡ್ರೋನ್ ಬೇಕೆಂದು ಪರದೇಶದಿಂದ ತರಿಸಹೊರಟರೆ ರೊಕ್ಕ ನೀರುಪಾಲು. 2022ರ ಫೆಬ್ರವರಿಯಿಂದ ಸಿದ್ಧ ಡ್ರೋನುಗಳ ಆಮದು ನಿಷೇಧದಲ್ಲಿದೆ. ಬಿಡಿಭಾಗಕ್ಕೆ ಅಡ್ಡಿಯಿಲ್ಲ. ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐ.ಎಸ್.ಐ. ಗುರುತು ಬೇಕೇಬೇಕು. ಪೇಟೆಯ ಅಂಗಡಿಕಾರರು ‘ಹತ್ತು ವಾಚು ತರಿಸಿ ಮಾರೋಣ’ ಎಂದು ಹೊರಟರೆ ಅದು ಸ್ವಂತ ಉಪಯೋಗ ಆಗುವುದಿಲ್ಲ. ಆಮದು-ರಫ್ತು ಕೋಡ್ ನಂಬರ್ ಬೇಕು. ಅದು ಪ್ಯಾನ್ ಮೇಲೆ ಕೊಡುವ ನಂಬರು, ಫೀ 500 ರೂ. ಮಾರುವ ಪ್ರತಿ ಡಬ್ಬಿಯ ಮೇಲೆ ಆಮದುದಾರನ ಹೆಸರು, ತಯಾರಾದ ದೇಶ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ ಅಂಟಿಸಬೇಕು.

ಅಂಗಡಿಕಾರನಿಗೊಂದು ನ್ಯಾಯ, ಪರದೇಶಿಗೊಂದು ನ್ಯಾಯ?

ನಮ್ಮ ಪೇಟೆಯ ಅಂಗಡಿಕಾರರ ಸಂಕಟ ಇಲ್ಲಿಯೇ ಇದೆ. ಗಿರಾಕಿ ಕೌಂಟರಿನ ಮುಂದೆ ನಿಂತು ಮೊಬೈಲು ಚಾಚುತ್ತಾನೆ. ‘ನೋಡ್ರಿ ಸಾವಕಾರ್ರ, ಇಲ್ಲಿ ಐದು ಸಾವಿರಕ್ಕ ಐತಿ. ನೀವು ಏಳೂವರೆ ಹೇಳತೀರಲ್ಲ!’ ಸಾವಕಾರನ ಏಳೂವರೆಯಲ್ಲಿ ಸುಂಕ ಸೇರಿದೆ, ಜಿ.ಎಸ್.ಟಿ. ಸೇರಿದೆ, ಅಂಗಡಿ ಬಾಡಿಗೆ ಸೇರಿದೆ, ಕೆಟ್ಟರೆ ಬದಲಿ ಕೊಡುವ ಜವಾಬ್ದಾರಿಯೂ ಸೇರಿದೆ. ಮೊಬೈಲಿನ ಐದು ಸಾವಿರದಲ್ಲಿ ಇದಾವುದೂ ಇಲ್ಲ. ಹೋಲಿಕೆಯೇ ತಪ್ಪು. ಆದರೆ ಅದನ್ನು ತಿಳಿಸಿ ಹೇಳುವಷ್ಟರಲ್ಲಿ ಗಿರಾಕಿ ಮೆಟ್ಟಿಲು ಇಳಿದಿರುತ್ತಾನೆ.

ಕಾನೂನು ಏನೂ ಹೇಳುವುದಿಲ್ಲವೇ? ಹೇಳುತ್ತದೆ. 2020ರ ಜುಲೈನಲ್ಲಿ ಜಾರಿಯಾದ ಗ್ರಾಹಕ ರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಸಾಗಣೆ, ನಿರ್ವಹಣೆ, ತೆರಿಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಕಾಣಿಸಬೇಕು. ಮಾಲು ಯಾವ ದೇಶದ್ದು ಎಂಬುದನ್ನೂ ಹೇಳಬೇಕು. ಭಾರತದಲ್ಲಿ ಕಚೇರಿ ಇಲ್ಲದಿದ್ದರೂ, ಇಲ್ಲಿನ ಗಿರಾಕಿಗಳಿಗೆ ವ್ಯವಸ್ಥಿತವಾಗಿ ಮಾರುವ ಪರದೇಶಿ ಸಂಸ್ಥೆಗಳಿಗೂ ಈ ನಿಯಮ ಅನ್ವಯಿಸುತ್ತದೆ ಎಂದು ಅದರಲ್ಲೇ ಬರೆದಿದೆ. 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಮೊದಲು ಕಡಿಮೆ ಬೆಲೆ ತೋರಿಸಿ, ಕೊನೆಗೆ ಹನಿಹನಿಯಾಗಿ ಏರಿಸುವುದು ಅವುಗಳಲ್ಲಿ ಒಂದು. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು.

ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೆ ಸಾವಿರಾರು ಮೈಲು ದೂರದಲ್ಲಿ ಕುಳಿತ ಮಾರಾಟಗಾರನ ಕೊರಳಪಟ್ಟಿ ಹಿಡಿಯುವವರು ಯಾರು? ಆತ ‘ನಿಮ್ಮ ದೇಶದ ಸುಂಕ ನಿಮ್ಮ ಜವಾಬ್ದಾರಿ’ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳುತ್ತಾನೆ.

ಬೇರೆಡೆ ದಾರಿ ಹುಡುಕಿದ್ದಾರೆ. ಆಸ್ಟ್ರೇಲಿಯ 2018ರ ಜುಲೈಯಿಂದ ಸಣ್ಣ ಬೆಲೆಯ ಪಾರ್ಸಲ್ಲುಗಳ ತೆರಿಗೆಯನ್ನು ದೊಡ್ಡ ಮಾರಾಟಗಾರರಿಂದಲೇ ವಸೂಲು ಮಾಡುತ್ತಿದೆ. ಐರೋಪ್ಯ ಒಕ್ಕೂಟ 2021ರ ಜುಲೈಯಲ್ಲಿ ಇಂಥದೇ ಏರ್ಪಾಡು ತಂದಿತು. ಕೊಳ್ಳುವಾಗಲೇ ತೆರಿಗೆ ಸೇರಿದ ಬೆಲೆ ಕಾಣುತ್ತದೆ, ಬಾಗಿಲಲ್ಲಿ ತೆರಿಗೆಯ ಜಗಳವಿಲ್ಲ.

ನಮ್ಮ ಅಂಚೆ ಇಲಾಖೆಯೂ ಒಂದು ಪಾಠ ಕಲಿತದ್ದುಂಟು. ಅಮೆರಿಕ 800 ಡಾಲರ್ ತನಕದ ಪಾರ್ಸಲ್ಲಿಗೆ ಇದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್ 29ರಿಂದ ತೆಗೆದಾಗ, ಸುಂಕ ಯಾರು ಕಟ್ಟಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ಅಲ್ಲಿಗೆ ಪಾರ್ಸಲ್ ಬುಕ್ಕಿಂಗ್ ನಿಂತುಹೋಯಿತು. ಮಕ್ಕಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟ ತಾಯಂದಿರಿಗೆ ಅಂಚೆಯ ದಾರಿ ಮುಚ್ಚಿತು. ಅಕ್ಟೋಬರ್ 15ರಿಂದ ಮತ್ತೆ ಶುರುವಾದಾಗ ಏರ್ಪಾಡು ಬದಲಾಗಿತ್ತು. ಆಗಿನ ದರದ ಸುಂಕ ಇಷ್ಟೆಂದು ಇಲ್ಲಿನ ಕೌಂಟರಿನಲ್ಲೇ ಹೇಳಿ, ಇಲ್ಲಿಯೇ ಕಟ್ಟಿಸಿಕೊಂಡು, ಅಲ್ಲಿ ಮಗನ ಬಾಗಿಲಿಗೆ ಏನೂ ಕೇಳದೆ ಮುಟ್ಟಿಸುವ ವ್ಯವಸ್ಥೆ. ಹೋಗುವ ಪಾರ್ಸಲ್ಲಿಗೆ ಇದು ಸಾಧ್ಯವಾದರೆ ಬರುವ ಪಾರ್ಸಲ್ಲಿಗೆ ಯಾಕೆ ಸಾಧ್ಯವಿಲ್ಲ?

ಅದೇ ಸುಂಕ, ಒಣದ್ರಾಕ್ಷಿಗೆ ಬೇಲಿ

ಇಷ್ಟು ಓದಿ ‘ಈ ಸುಂಕಾನ ತಗದು ಹಾಕ್ರಿ’ ಎನ್ನುವವರು ತಿಕೋಟಾ-ಬಬಲೇಶ್ವರ ರಸ್ತೆಗಳ ಪಕ್ಕದ ಒಣದ್ರಾಕ್ಷಿ ಶೆಡ್ಡುಗಳ ಕಡೆಗೆ ಒಮ್ಮೆ ನೋಡಬೇಕು. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ಇದು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಹಣ್ಣು ಕೊಯ್ದು, ಡಿಪ್ಪಿಂಗ್ ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರಡಿ, ಎರಡು ವಾರ ಆಕಾಶ ನೋಡುತ್ತ ಕಾಯಬೇಕು. ನಡುವೆ ಅಕಾಲ ಮಳೆ ಬಂದರೆ ಬಣ್ಣ ಕೆಟ್ಟು ದರ ಬಿದ್ದಂತೆಯೇ. ಆಮೇಲೆ ಕೋಲ್ಡ್ ಸ್ಟೋರೇಜಿನ ಬಾಡಿಗೆ, ಬ್ಯಾಂಕಿನ ಬಡ್ಡಿ, ಅಡತಿ.

ಇಷ್ಟೆಲ್ಲ ಮಾಡಿ ಪೇಟೆಗೆ ಬಂದ ಮಾಲಿಗೆ ಎದುರಾಗಿ ಪರದೇಶದ ಅಗ್ಗದ ಒಣದ್ರಾಕ್ಷಿ ನಿಂತರೆ ಬೆಳೆಗಾರನ ಗತಿ ಏನು? ಅದನ್ನು ತಡೆಯುವುದು ಇದೇ ಆಮದು ಸುಂಕ. ಮಗನ ವಾಚಿಗೆ ಹೊರೆಯಾದ ಸುಂಕವೇ ಅಪ್ಪನ ಮಾಲಿಗೆ ಬೇಲಿ.

ಆದರೆ ಬೇಲಿಗೆ ಕಂಡಿ ಬಿದ್ದಿದೆ ಎಂಬುದು ಬೆಳೆಗಾರರ ದೂರು. ಸಾರ್ಕ್ ಒಪ್ಪಂದದಂತೆ 2011ರಿಂದ ಅಫಘಾನಿಸ್ತಾನದಂಥ ಬಡ ದೇಶಗಳ ಬಹುತೇಕ ಮಾಲಿಗೆ ಭಾರತದಲ್ಲಿ ಸುಂಕವಿಲ್ಲ. ಅಫಘಾನಿ ರೈತ ಬೆಳೆದ ಒಣದ್ರಾಕ್ಷಿ ಬಂದರೆ ಅದು ನ್ಯಾಯದ ವ್ಯಾಪಾರ. ಆದರೆ ಚೀನಾದ ಮಾಲು ಬೇರೆ ದೇಶದ ದಾರಿ ಹಿಡಿದು, ಸುಂಕ ತಪ್ಪಿಸಿ ಒಳಗೆ ಬರುತ್ತಿದೆ ಎಂದು ಗಡಿಯಾಚೆ ಸಾಂಗಲಿ, ತಾಸಗಾಂವ ಕಡೆಯ ಬೆಳೆಗಾರರು 2025ರಲ್ಲಿ ದನಿ ಎತ್ತಿದರು. ಅವರ ಪೇಟೆಯ ದರ ಬಿದ್ದರೆ ನಮ್ಮ ಪೇಟೆಯ ದರ ಏಳುವುದಿಲ್ಲ. ಎರಡೂ ಕಡೆಯ ಮಾಲು ಹೋಗುವುದು ಒಂದೇ ಗಿರಾಕಿಗೆ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಪರದೇಶದ ಅಂಗಡಿಯವನಿಗೆ ‘ಬಿಲ್ಲಿನಲ್ಲಿ ಹತ್ತು ಡಾಲರ್ ಅಂತ ಬರಿ, ಗಿಫ್ಟ್ ಅಂತ ಬರಿ’ ಎಂದು ಹೇಳುವ ನಮ್ಮ ಹುಡುಗನಿಗೂ, ಚೀನಾದ ಒಣದ್ರಾಕ್ಷಿಗೆ ಬೇರೆ ದೇಶದ ಚೀಟಿ ಅಂಟಿಸುವ ವ್ಯಾಪಾರಿಗೂ ಏನು ಅಂತರ? ಗಾತ್ರದ ಅಂತರ, ಅಷ್ಟೆ. ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮಾಲು ಜಪ್ತಿ, ಮೇಲೆ ದಂಡ. ಒಂದು ಕಡೆ ಸುಳ್ಳು ಬಿಲ್ಲು ಬರೆಸಿಕೊಂಡು ಇನ್ನೊಂದು ಕಡೆ ಸುಳ್ಳು ಬಿಲ್ಲಿನ ವಿರುದ್ಧ ಕೂಗಿದರೆ ಕೇಳುವವರು ಯಾರು?

ಬೆಲೆಯ ಪಾರದರ್ಶಕತೆ ಎಂಬ ದೊಡ್ಡ ಶಬ್ದ ನಮ್ಮ ಕಿರಾಣಿ ಅಂಗಡಿಗೂ ಅನ್ವಯಿಸುತ್ತದೆ. ಪೊಟ್ಟಣದಲ್ಲಿ ಬಂದ ಮಾಲಿನ ಮೇಲೆ ದೇಶದ ಹೆಸರು ಇರುತ್ತದೆ. ತೆರೆದ ಚೀಲದಿಂದ ತೂಗಿಕೊಡುವ ಒಣದ್ರಾಕ್ಷಿ ಎಲ್ಲಿಯದು ಎಂದು ಹೇಳುವವರಿಲ್ಲ. ‘ವಿಜಯಪುರದ ಒಣದ್ರಾಕ್ಷಿ, ಕಿಲೋಕ್ಕೆ ಇಷ್ಟು’ ಎಂದು ಚೀಲದ ಮೇಲೊಂದು ರಟ್ಟಿನ ಚೂರು ಸಿಗಿಸಲು ಎಷ್ಟು ಖರ್ಚು? ಗಿರಾಕಿಗೆ ಆಯ್ಕೆ ಸಿಗುತ್ತದೆ, ಶೆಡ್ಡಿನವನಿಗೆ ಮಾನ ಸಿಗುತ್ತದೆ.

ಕಸ್ಟಮ್ಸ್ ಹೆಸರಿನಲ್ಲಿ ಕಳ್ಳರ ಫೋನು

ನಿಜವಾದ ಸುಂಕ ಎಷ್ಟೆಂದು ಜನಕ್ಕೆ ಗೊತ್ತಿಲ್ಲದಿರುವುದೇ ಕಳ್ಳರಿಗೆ ಬಂಡವಾಳ. ‘ನಿಮ್ಮ ಪಾರ್ಸಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿದೆ, ಈಗಲೇ ಇಷ್ಟು ರೊಕ್ಕ ಹಾಕದಿದ್ದರೆ ಅರೆಸ್ಟ್’ ಎಂದು ಫೋನು ಬರುತ್ತದೆ. ಕಸ್ಟಮ್ಸ್ ಇಲಾಖೆ ಯಾರ ಸ್ವಂತ ಖಾತೆಗೂ ರೊಕ್ಕ ಹಾಕಿಸಿಕೊಳ್ಳುವುದಿಲ್ಲ. ಇಲಾಖೆಯ ಪತ್ರದ ಮೇಲೆ ಡಿ.ಐ.ಎನ್. ಎಂಬ ಗುರುತಿನ ನಂಬರು ಇರುತ್ತದೆ, ಅದು ಖರೆಯೋ ಸುಳ್ಳೋ ಎಂದು ಇಲಾಖೆಯ ತಾಣದಲ್ಲೇ ನೋಡಬಹುದು. ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ರೊಕ್ಕ ಕೈಗೆ ಸಿಗುವ ಆಸೆ ಕಡಿಮೆ.

ಕೊಳ್ಳುವ ಮೊದಲು

ರೂಪಾಯಿಯಲ್ಲಿ ಬೆಲೆ ತೋರಿಸಿದ ಮಾತ್ರಕ್ಕೆ ಮಾಲು ಭಾರತದಲ್ಲಿದೆ ಎಂದು ತಿಳಿಯಬಾರದು. ಎಲ್ಲಿಂದ ಹೊರಡುತ್ತದೆ, ಸುಂಕ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲು ಓದಬೇಕು. ಸುಂಕ ಸೇರಿದೆ ಎಂದು ಬರೆದಿದ್ದರೆ ಆ ಪುಟದ ಚಿತ್ರ ತೆಗೆದು ಇಟ್ಟುಕೊಳ್ಳಬೇಕು. ಬರೆದಿಲ್ಲವಾದರೆ ಸೇರಿಲ್ಲ ಎಂದೇ ಹಿಡಿಯಬೇಕು. ಸಾಗಣೆ ಖರ್ಚು ಕೂಡಿಸಿ, ಮೇಲೆ ಮೂರನೇ ಒಂದು ಪಾಲು ಹೆಚ್ಚಿಗೆ ಹಿಡಿದು, ಆ ಮೊತ್ತವನ್ನು ನಮ್ಮ ಪೇಟೆಯ ದರದ ಜೊತೆ ಹೋಲಿಸಿದರೆ ಮೋಸ ಹೋಗುವ ಸಂಭವ ಕಡಿಮೆ. ದರಗಳು ಬಜೆಟ್ಟಿಗೊಮ್ಮೆ ಬದಲಾಗುತ್ತವೆ ಎಂಬುದನ್ನೂ ಮರೆಯಬಾರದು. ಮಾಲು ಕೆಟ್ಟಿದ್ದು ವಾಪಸು ಕಳಿಸಿದರೆ ಕಟ್ಟಿದ ಸುಂಕ ಮರಳಿ ಪಡೆಯಲು ಕಾಯ್ದೆಯಲ್ಲಿ ದಾರಿ ಇದೆ. ಆದರೆ ಸಣ್ಣ ಸಾಮಾನಿಗೆ ಆ ಕಾಗದಪತ್ರದ ಓಡಾಟ ಗಿಟ್ಟುವುದಿಲ್ಲ.

ಮೋಸವಾದರೆ ಸುಮ್ಮನೆ ಕೂರಬೇಕಾಗಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ಮಾತಾಡಬಹುದು. 2019ರ ಗ್ರಾಹಕ ಕಾಯ್ದೆಯ ಪ್ರಕಾರ ಕೊಂಡವನು ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು. ಅಂದರೆ ಬಬಲೇಶ್ವರದವನು ಬೆಂಗಳೂರಿಗೆ ಅಲೆಯಬೇಕಿಲ್ಲ, ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಂದರೆ ಸಾಕು. 5 ಲಕ್ಷ ರೂ. ತನಕದ ಖರೀದಿಗೆ ಶುಲ್ಕವೂ ಇಲ್ಲ. ಎದುರಾಳಿ ಪೂರ್ತಿ ಪರದೇಶಿಯಾದರೆ ಆದೇಶ ಜಾರಿ ಕಷ್ಟ. ಅದಕ್ಕೆಂದೇ ಭಾರತದಲ್ಲಿ ದೂರು ಕೇಳುವ ಅಧಿಕಾರಿಯ ಹೆಸರು, ವಿಳಾಸ ಕೊಟ್ಟ ಅಂಗಡಿಯಲ್ಲೇ ಕೊಳ್ಳುವುದು ಜಾಣತನ.

ಸರಕಾರ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ನಿಯಮ ಬರೆದು ಆರು ವರ್ಷವಾಗುತ್ತ ಬಂತು. ಒಟ್ಟು ಬೆಲೆ ಒಂದೇ ಅಂಕಿಯಲ್ಲಿ ಎಂಬ ಮಾತನ್ನು ಪರದೇಶದ ಅಂಗಡಿಗಳಿಂದಲೂ ಪಾಲಿಸುವಂತೆ ಮಾಡಲಿ. ಪ್ರತಿ ಅಂಚೆ ಕಚೇರಿಯ ಗೋಡೆಗೆ ಈ ವರ್ಷದ ಸುಂಕದ ದರ ಕನ್ನಡದಲ್ಲಿ ಬರೆದ ಒಂದು ಹಲಗೆ ತೂಗುಹಾಕಲಿ. ಒಣದ್ರಾಕ್ಷಿಯ ಮೂಲ ದೇಶ ಯಾವುದೆಂಬುದನ್ನು ಬಂದರು, ಗಡಿಗಳಲ್ಲಿ ಗಟ್ಟಿಯಾಗಿ ತಪಾಸಣೆ ಮಾಡಲಿ. ಸುಂಕ ಕಟ್ಟಲು ಜನ ಹಿಂದೇಟು ಹಾಕುವುದಿಲ್ಲ. ಎಷ್ಟು ಎಂದು ಮೊದಲೇ ಹೇಳಿದ್ದರೆ, ಬೇಕಾದವ ಕೊಳ್ಳುತ್ತಿದ್ದ, ಬೇಡಾದವ ನಮ್ಮ ಪೇಟೆಗೇ ಬರುತ್ತಿದ್ದ.